ಸಳನ ಹುಲಿಯನ್ನು ಅವನ ಅಕ್ಕ ಹೊಡೆದರೆ ಸಾಕೇ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು. ಹೊಯ್ಸಳರ ಮೂಲ ನೆಲೆ ಎನ್ನುವ ಅಂಗಡಿ ಗ್ರಾಮ ನಮ್ಮೂರಿಗೆ ಹತ್ತಿರ. ಹೊಯ್ಸಳರ ಕಾಲದ ಐತಿಹ್ಯಗಳನ್ನು ಇಟ್ಟುಕೊಂಡು ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಹುಲಿಯನ್ನು ಹೊಡೆಯುವುದು ಸಳ ಅಲ್ಲ, ಅವನ ಅಕ್ಕ. ಎರಡನೇ ಭಾಗದಲ್ಲಿ ಶಾಂತಲೆಗೂ ಬೇಲೂರಿನ ಮದನಿಕೆಗಳನ್ನು ಕೆತ್ತುವ ಹೆಣ್ಣು ಶಿಲ್ಪಿಗೂ ಪ್ರೀತಿ ಹುಟ್ಟುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಒಂದು ಮುಖ್ಯ ಪಾತ್ರವೂ ಇದೆ. ಓದಿದ ದೊಡ್ಡಪ್ಪ, "ಇದೆಲ್ಲ ಹೊರಗಿಂದ ಬಂದ ವಿಚಾರ, ನಮ್ಮ ಕಥೆ ಕೆಡಿಸ್ಬೇಡ" ಅಂದರು. ಗೆಳತಿ, "ಎಲ್ರೂ ಭಾಷಣ ಮಾಡ್ತಾರೆ ಕಣೇ" ಅಂದಳು. ಎಷ್ಟರ ಮಟ್ಟಿಗೆ ಬದಲಾಯಿಸಬಹುದು? ಕೇಸು ಗೀಸು ಆಗುತ್ತದೆಯೇ? ಆ ಮೂರನೇ ಪಾತ್ರವನ್ನು ಏನೆಂದು ಕರೆಯಲಿ? ಹತ್ತು ಪುಟ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತಿವೆ. ಪರಂಪರೆಗೆ ಅಪಚಾರವಾಗುತ್ತದೆಯೇ ಎಂಬುದು ಒಂದು. ಕಥೆ ಕಥೆಯಾಗಿ ನಿಲ್ಲುತ್ತದೆಯೇ ಎಂಬುದು ಇನ್ನೊಂದು. ನಿಮ್ಮ ಪುಟಗಳನ್ನು ಓದಿದ ಮೇಲೆ ಹೇಳುವುದಾದರೆ, ನೀವು ಹೆಚ್ಚು ಯೋಚಿಸಬೇಕಾದದ್ದು ಎರಡನೆಯದರ ಬಗ್ಗೆ.

ಮೊದಲು ದೊಡ್ಡಪ್ಪನವರ ಮಾತು. ಸಳನ ಕಥೆ ಒಂದೇ ರೂಪದಲ್ಲಿ ನಮಗೆ ಬಂದದ್ದಲ್ಲ. ಸಳ ತಾನೇ ಬರೆಸಿದ ಶಾಸನ ಒಂದೂ ಸಿಕ್ಕಿಲ್ಲ. ಸೊಸೆವೂರು (ಇಂದಿನ ಅಂಗಡಿ), ವಾಸಂತಿಕಾ ದೇವಿಯ ಸನ್ನಿಧಿ, ಜೈನ ಮುನಿ, ಮೇಲೆರಗಿದ ಹುಲಿ, "ಹೊಯ್ ಸಳ" ಎಂಬ ಮಾತು, ಇವೆಲ್ಲ ವಿಸ್ತಾರವಾಗಿ ಕಾಣುವುದು ವಿಷ್ಣುವರ್ಧನನ ಕಾಲದಿಂದ ಈಚಿನ ಶಾಸನಗಳಲ್ಲಿ. ಅಲ್ಲಿಯೂ ವಿವರಗಳು ಶಾಸನದಿಂದ ಶಾಸನಕ್ಕೆ ಬೇರೆಯಾಗುತ್ತವೆ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದದ್ದು 1116ರಲ್ಲಿ, ಬೇಲೂರಿನ ದೇವಾಲಯದ ಪ್ರತಿಷ್ಠೆ 1117ರಲ್ಲಿ. ಚೋಳರ ಲಾಂಛನ ಹುಲಿ. ಹುಲಿಯನ್ನು ಇರಿಯುವ ವೀರನ ಶಿಲ್ಪ ಆ ಗೆಲುವಿನ ಗುರುತು ಎಂದು ಹೇಳುವ ವಿದ್ವಾಂಸರಿದ್ದಾರೆ. ಒಂದು ಮನೆತನ ತನ್ನ ಮೂಲವನ್ನು ತನ್ನ ಅಂದಿನ ಅಗತ್ಯಕ್ಕೆ ತಕ್ಕಂತೆ ಹೇಳಿಕೊಂಡ ಕಥೆ ಅದು. ಐತಿಹ್ಯವನ್ನು ಮತ್ತೆ ಹೇಳುವುದು ಅದನ್ನು ಕೆಡಿಸುವುದಲ್ಲ. ಅದು ಉಳಿದು ಬಂದದ್ದೇ ಹಾಗೆ.

"ಹೊರಗಿಂದ ಬಂದದ್ದು" ಎಂಬ ಮಾತಿಗೆ ಉತ್ತರ ಶ್ರವಣಬೆಳಗೊಳದಲ್ಲೇ ಇದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರ 'ಗೊಮ್ಮಟಸಾರ'ದಲ್ಲಿ 'ವೇದ'ದ ವಿಚಾರ ಬರುತ್ತದೆ. ಇಲ್ಲಿ ವೇದ ಎಂದರೆ ಕಾಮದ ಸ್ವರೂಪ: ಪುಂವೇದ, ಸ್ತ್ರೀವೇದ, ನಪುಂಸಕವೇದ. ದೇಹದ ಲಿಂಗ ಬೇರೆ, ಭಾವದ ಲಿಂಗ ಬೇರೆ. ಎರಡೂ ಸಾಮಾನ್ಯವಾಗಿ ಒಂದೇ ಇರುತ್ತವೆ, ಕೆಲವೆಡೆ ಬೇರೆ ಬೇರೆ ಇರುತ್ತವೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಮೂರು ವೇದಗಳಿಗೆ ಮೂರು ಬೆಂಕಿಗಳ ಹೋಲಿಕೆ: ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆ ಗೂಡಿನ ಬೆಂಕಿ. ಇದು ಹತ್ತನೇ ಶತಮಾನದ ಮಾತು. ಹೆಣ್ಣಿಗೆ ಮೋಕ್ಷ ಉಂಟೋ ಇಲ್ಲವೋ ಎಂಬ ಬಗ್ಗೆ ಜೈನ ಪಂಥಗಳ ನಡುವೆ ದೊಡ್ಡ ವಾದವೇ ನಡೆದಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ, ಯಾಪನೀಯ ಎಂಬ ಜೈನ ಪಂಥದವನು, ಉಂಟು ಎಂದು ಒಂದು ಗ್ರಂಥವನ್ನೇ ಬರೆದ.

ಹಾಗೆಂದು ಎದುರಿನ ತಪ್ಪಿಗೂ ಬೀಳಬೇಡಿ. ನಿಮ್ಮ ಮುನ್ನುಡಿಯಲ್ಲಿ "ಹೊಯ್ಸಳರ ಕಾಲದಲ್ಲಿ ಎಲ್ಲರೂ ಸ್ವತಂತ್ರರಾಗಿದ್ದರು, ದೇವಾಲಯದ ಶಿಲ್ಪಗಳೇ ಸಾಕ್ಷಿ" ಎಂದಿದೆ. ಅದನ್ನು ತೆಗೆದುಹಾಕಿ. ಗೋಡೆಯ ಮೇಲೆ ಮಿಥುನ ಶಿಲ್ಪ ಇದ್ದ ಮಾತ್ರಕ್ಕೆ ಗೋಡೆಯ ಕೆಳಗೆ ನಿಂತವಳಿಗೆ ಸ್ವಾತಂತ್ರ್ಯವಿತ್ತು ಎಂದಾಗುವುದಿಲ್ಲ. ಗೊಮ್ಮಟಸಾರ ಮೂರು ವೇದಗಳನ್ನೂ ಕರ್ಮದ ಬಂಧನವೆಂದೇ ನೋಡುತ್ತದೆ, ಯಾವುದನ್ನೂ ಕೊಂಡಾಡುವುದಿಲ್ಲ. ದೇವರ ದಾಸಿಮಯ್ಯನ "ಮೊಲೆ ಮುಡಿ ಬಂದಡೆ ಹೆಣ್ಣೆಂಬರು" ವಚನವನ್ನು ನೀವು ಮೊದಲ ಪುಟಕ್ಕೆ ಹಾಕಿದ್ದೀರಿ. ಅದು ಆತ್ಮಕ್ಕೆ ಲಿಂಗವಿಲ್ಲ ಎನ್ನುವ ವಚನ. ನಿಮ್ಮ ಕಾದಂಬರಿ ಇರುವುದೋ ದೇಹ ಮತ್ತು ಬಯಕೆಯ ಬಗ್ಗೆ. ಜೊತೆಗೆ ಇಂಥ ಎಷ್ಟೋ ಹಸ್ತಪ್ರತಿಗಳು ಅದೇ ವಚನದಿಂದ ಶುರುವಾಗುತ್ತವೆ.

ಇನ್ನು ಕಥೆಯ ವಿಚಾರ. ಮರುಕಥನ ಸೋಲುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಪಾತ್ರದ ಲಿಂಗ ಬದಲಾಗಿರುತ್ತದೆ, ಕಥೆ ನಡೆಯುವ ನಿಯಮ ಬದಲಾಗಿರುವುದಿಲ್ಲ. ನಿಮ್ಮಲ್ಲಿ ಸಳನ ಬದಲು ಅಕ್ಕ ಹುಲಿ ಹೊಡೆಯುತ್ತಾಳೆ. ಆದರೆ ಅಪ್ಪಣೆ ಕೊಡುವವರು ಅದೇ ಗುರು, ಸಾಯುವುದು ಅದೇ ಹುಲಿ, ಹುಟ್ಟುವುದು ಅದೇ ರಾಜ್ಯ. ಕೈ ಬದಲಾಯಿತು, ಅಷ್ಟೇ. ಐತಿಹ್ಯದಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಮೌನವಿದೆ ನೋಡಿ, ಅಲ್ಲಿಂದ ಒಳಗೆ ಹೋಗಿ. ಇಡೀ ಘಟನೆ ನಡೆಯುವುದು ವಾಸಂತಿಕೆಯ ಅಂಗಳದಲ್ಲಿ. ಹುಲಿ ಬಂದದ್ದು ಅವಳ ಕಾಡಿನಿಂದ. ಆದರೂ ಕಥೆಯಲ್ಲಿ ಅವಳಿಗೆ ಒಂದು ಮಾತಿಲ್ಲ. ಹುಲಿ ಯಾರದು? ಅದನ್ನು ಕೊಂದದ್ದಕ್ಕೆ ಮನೆತನ ಅವಳಿಗೆ ಏನು ತೆರಬೇಕು? ಈ ಎರಡು ಪ್ರಶ್ನೆ ಹಿಡಿದುಕೊಂಡರೆ ಅಕ್ಕನ ಪಾತ್ರಕ್ಕೆ ಹೊಡೆಯುವುದಕ್ಕಿಂತ ದೊಡ್ಡ ಕೆಲಸ ಸಿಗುತ್ತದೆ. ಹೊಡೆಯಲಾರೆ ಎಂದವಳು ಅವಳೇ ಆಗಬಹುದು, ಆ ಸಾಲವನ್ನು ತಲೆಮಾರುಗಳ ಕಾಲ ಹೊತ್ತವಳೂ ಆಗಬಹುದು.

ಕೆಲಸಕ್ಕೆ ಕೂರುವಾಗ ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿಕೊಳ್ಳಿ: ಶಾಸನ ಹೇಳುವುದು, ಕಾವ್ಯ ಹೇಳುವುದು, ಊರವರು ಹೇಳುವುದು, ಇಪ್ಪತ್ತನೇ ಶತಮಾನದ ಕಾದಂಬರಿ ಸಿನಿಮಾಗಳು ಸೇರಿಸಿದ್ದು. ಶಾಸನಗಳಿಗೆ 'ಎಪಿಗ್ರಾಫಿಯಾ ಕರ್ನಾಟಿಕ'ದ ಹಳೆಯ ಸಂಪುಟಗಳಲ್ಲಿ ಎರಡನೆಯದು ಶ್ರವಣಬೆಳಗೊಳ, ಐದನೆಯದು ಹಾಸನ, ಆರನೆಯದು ಅಂದಿನ ಕಡೂರು ಜಿಲ್ಲೆ, ಅಂದರೆ ನಿಮ್ಮ ಚಿಕ್ಕಮಗಳೂರು. ನಾಲ್ಕನೇ ಅಂಕಣದಲ್ಲಿ ಇರುವುದನ್ನು ಮುಟ್ಟಬೇಡಿ. ಐತಿಹ್ಯಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಒಬ್ಬ ಕಾದಂಬರಿಕಾರ ಕಟ್ಟಿದ ಪಾತ್ರ ಮತ್ತು ದೃಶ್ಯಗಳಿಗೆ ಅವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಜನ ಇತಿಹಾಸ ಎಂದುಕೊಂಡಿರುವ ಎಷ್ಟೋ ಸಂಗತಿ ಈ ನಾಲ್ಕನೇ ಅಂಕಣದ್ದು.

ಶಾಂತಲೆಯ ವಿಷಯಕ್ಕೆ ಬರೋಣ. ಇಲ್ಲಿ ನೀವು ನಿಧಾನಿಸಬೇಕು, ಯಾಕೆಂದರೆ ಆಕೆ ಐತಿಹ್ಯದ ಪಾತ್ರವಲ್ಲ, ಬದುಕಿದ್ದ ಹೆಣ್ಣು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಬೇಲೂರಿನ ಕಪ್ಪೆ ಚೆನ್ನಿಗರಾಯ ಗುಡಿ ಶಾಂತಲೆ ಕಟ್ಟಿಸಿದ್ದು. ಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಬಸದಿ ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಹಿಂದೆಯೇ ತಾಯಿ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಮಕ್ಕಳಿಲ್ಲದ ಕೊರಗಿಗೆ ಬೆಟ್ಟದಿಂದ ಹಾರಿದಳು ಎಂಬುದು ಮೂರನೇ ಅಂಕಣದ ಮಾತು, ಈ ಸಾವುಗಳನ್ನು ಹೇಳುವ ಶಾಸನದಲ್ಲಿ ಹಾರಿದ ಪ್ರಸ್ತಾಪವಿಲ್ಲ. ಸ್ತ್ರೀವಾದಿ ಮರುಕಥನಕ್ಕೆ ಮೊದಲ ತೆರಪು ಇಲ್ಲೇ ಇದೆ. ಬಂಜೆತನಕ್ಕೆ ಪ್ರಾಣ ಕೊಡುವ ಪತಿವ್ರತೆಯ ಚಿತ್ರ ಬೇಕಿಲ್ಲ. ಒಂದು ತಿಂಗಳು ಅನ್ನ ಬಿಟ್ಟು ಕುಳಿತ ತಾಯಿಯೊಬ್ಬಳ ಅಧ್ಯಾಯ ಬರೆಯಬಹುದು.

ಶಾಸನಗಳು ಆಕೆಯನ್ನು 'ವಿವೇಕೈಕ ಬೃಹಸ್ಪತಿ', 'ಪ್ರತ್ಯುತ್ಪನ್ನ ವಾಚಸ್ಪತಿ' ಎಂದು ಹೊಗಳುತ್ತವೆ, ಬುದ್ಧಿಗೂ ಮಾತಿಗೂ ಮನ್ನಣೆ. ಆದರೆ ಅವೇ ಶಾಸನಗಳಲ್ಲಿ ಆಕೆ 'ಸವತಿಗಂಧವಾರಣೆ', ಸವತಿಯರ ಪಾಲಿಗೆ ಮದ್ದಾನೆ. ಬಸದಿಯ ಹೆಸರೂ ಅದೇ. ನಿಮ್ಮ ಹತ್ತು ಪುಟಗಳಲ್ಲಿ ಈ ಬಿರುದು ಕಾಣುವುದಿಲ್ಲ. ನಾಯಕಿಗೆ ಒಪ್ಪುವುದಿಲ್ಲವೆಂದು ಬಿಟ್ಟಿರಬೇಕು. ದಯವಿಟ್ಟು ಬಿಡಬೇಡಿ. ಒಬ್ಬಳನ್ನು ಮೇಲಕ್ಕೆತ್ತಲು ಉಳಿದ ಹೆಂಗಸರನ್ನು ತುಳಿಸುವ ಅರಮನೆ ಅದು. ಆ ಬಿರುದನ್ನು ಕೆತ್ತುವಾಗ ಸವತಿಯರು ಎಲ್ಲಿ ಕುಳಿತಿದ್ದರು ಎಂಬುದು ನಿಮ್ಮ ಕಾದಂಬರಿಯ ಪ್ರಶ್ನೆ.

ಶಾಂತಲೆಯನ್ನೇ ಪ್ರೇಮಿಯಾಗಿಸುವುದಕ್ಕೆ ನಿಮ್ಮ ಮುಂದೆ ದಾರಿಗಳಿವೆ. ಹೆಸರು ಹಾಗೇ ಇಟ್ಟು ಬರೆದರೆ ಓದುಗರು ತಟ್ಟನೆ ಹತ್ತಿರವಾಗುತ್ತಾರೆ, ಆದರೆ ಇಡೀ ಚರ್ಚೆ "ಹೀಗಿತ್ತೋ ಇಲ್ಲವೋ" ಎಂಬಲ್ಲಿಗೇ ನಿಲ್ಲುತ್ತದೆ, ಕಾದಂಬರಿಯನ್ನು ಯಾರೂ ಕಾದಂಬರಿಯಾಗಿ ಓದುವುದಿಲ್ಲ. ಹೆಸರು, ಊರು, ದೇವರು ಎಲ್ಲ ಬದಲಿಸಿ ಕಲ್ಪಿತ ಲೋಕವೊಂದನ್ನು ಕಟ್ಟಿದರೆ ಕೈ ಬಿಚ್ಚಿ ಬರೆಯಬಹುದು. ಆಗ ಬೇಲೂರಿನ ನೆನಪು ಮಸುಕಾಗುತ್ತದೆ, ನೀವು ಎರಡು ಪಟ್ಟು ಲೋಕ ಕಟ್ಟಬೇಕಾಗುತ್ತದೆ. ನನ್ನ ಆಯ್ಕೆ ಬೇರೆ. ಪ್ರೀತಿಯನ್ನು ಆ ಶಿಲ್ಪಿ ಹೆಣ್ಣಿಗೂ ಶಾಂತಲೆಯ ಮೇಳದ ಒಬ್ಬ ನರ್ತಕಿಗೂ ಕೊಡಿ. ಇಬ್ಬರೂ ಶಾಸನದಲ್ಲಿ ಇಲ್ಲದವರು, ನಿಮ್ಮ ಸ್ವಂತದವರು. ಶಾಂತಲೆ ಅವರಿಗೆ ಆಸರೆಯೂ ಆಗಬಹುದು, ಅಪಾಯವೂ ಆಗಬಹುದು. ರಾಣಿಯರ ಸುತ್ತಲೇ ತಿರುಗುವ ಸ್ತ್ರೀವಾದಿ ಕಥೆಯಲ್ಲಿ ಕಲ್ಲು ಹೊತ್ತವಳಿಗೆ ಜಾಗವಿರುವುದಿಲ್ಲ, ಆ ಕೊರತೆಯೂ ಇದರಿಂದ ನೀಗುತ್ತದೆ.

ಶಿಲ್ಪಿ ಹೆಣ್ಣಿಗೆ ಬೇಲೂರೇ ಜಾಗ ಬಿಟ್ಟಿದೆ. ಮದನಿಕೆಗಳು ಹೊರಗೆ 38, ಒಳಗೆ 4. ಬಿಲ್ಲು ಹಿಡಿದ ಬೇಟೆಗಾರ್ತಿಯೂ ಅವುಗಳಲ್ಲಿದ್ದಾಳೆ. ಕೆಲವು ಪೀಠಗಳ ಮೇಲೆ ಕೆತ್ತಿದವರ ಹೆಸರಿದೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ. ಹೆಸರಿಲ್ಲದವೂ ಇವೆ. ಜಕಣಾಚಾರಿಯ ಹೆಸರು ಅಲ್ಲಿ ಎಲ್ಲಿಯೂ ಇಲ್ಲ, ಆದರೂ ಊರೆಲ್ಲ ಅವನನ್ನು ನಂಬುತ್ತದೆ. ಹೆಸರಿಲ್ಲದ ಪೀಠವೊಂದು ನಿಮ್ಮವಳದು ಎನ್ನಿ.

ಈಗ ಗೆಳತಿಯ ದೂರು. ಏಳನೇ ಪುಟದಲ್ಲಿ ನಿಮ್ಮ ಶಿಲ್ಪಿ ಚಂದವ್ವೆ ಹೇಳುತ್ತಾಳೆ: "ಹೆಣ್ಣಿನ ಶ್ರಮ ಗಂಡಿನ ಆಸ್ತಿಯಲ್ಲ. ಈ ಪುರುಷಪ್ರಧಾನ ವ್ಯವಸ್ಥೆಯನ್ನು ನಾನು ಧಿಕ್ಕರಿಸುತ್ತೇನೆ." ವಿಚಾರ ಸರಿ, ಬಾಯಿ ಅವಳದಲ್ಲ. ಹನ್ನೆರಡನೇ ಶತಮಾನದವಳು ಅನ್ಯಾಯವನ್ನು ವ್ಯವಸ್ಥೆ ಎಂದು ನೋಡುವುದಿಲ್ಲ, ತನ್ನ ಉಳಿಯ ತುದಿಯಲ್ಲಿ ನೋಡುತ್ತಾಳೆ. ಅದೇ ದೃಶ್ಯ ಹೀಗೂ ಬರಬಹುದು:

ಓಜ ಬಂದು, "ಪೀಠಕ್ಕೆ ನನ್ನ ಮಗನ ಹೆಸರು ಹಾಕು" ಅಂದ.
"ಎಷ್ಟು ಆಳ?" ಅಂದಳು ಚಂದವ್ವೆ.
"ಎಷ್ಟಾದರೇನು, ಕಾಣಬೇಕು."
ಮುಂದಿನ ಮುಖದಲ್ಲಿ ಅವನು ಹೇಳಿದ ಹೆಸರನ್ನು ಕೂದಲೆಳೆಯಷ್ಟು ಕೆತ್ತಿದಳು. ಕಂಬಕ್ಕೆ ಒರಗಿ ಮರೆಯಾಗುವ ಹಿಂಬದಿಯಲ್ಲಿ ತನ್ನದನ್ನು ಬೆರಳು ಇಳಿಯುವಷ್ಟು.

ಮಳೆ ಯಾವ ಹೆಸರನ್ನು ತೊಳೆಯುತ್ತದೆ ಎಂದು ಓದುಗರಿಗೆ ಗೊತ್ತಾಗುತ್ತದೆ, ಭಾಷಣ ಬೇಕಾಗುವುದಿಲ್ಲ. ತಿದ್ದುವಾಗ ಪಾತ್ರಗಳ ಬಾಯಲ್ಲಿ ಬರುವ 'ಸಮಾಜ', 'ವ್ಯವಸ್ಥೆ', 'ಅಸ್ಮಿತೆ', 'ಹಕ್ಕು', 'ಶೋಷಣೆ' ಈ ಐದು ಪದಗಳಿಗೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಜಾಗದಲ್ಲಿ ಒಂದು ಕೈಕೆಲಸ, ಒಂದು ವಸ್ತು, ಇಲ್ಲವೇ ಒಂದು ನಿರಾಕರಣೆ ಇಡಲು ಆಗುತ್ತದೆಯೇ ನೋಡಿ.

ಫ್ಯಾಂಟಸಿಯ ಮಾಯೆಯನ್ನೂ ಈ ಕಲ್ಲಿನಿಂದಲೇ ತೆಗೆಯಿರಿ. ನಿಮ್ಮಲ್ಲಿ ಮಿಂಚು, ಮಂತ್ರದಂಡ, ನೀಲಿ ಬೆಳಕು ಇವೆ, ಇವು ಯಾವ ಊರಿನ ಕಥೆಯಲ್ಲಾದರೂ ಇರಬಹುದಾದವು. ಬೇಲೂರು ಹಳೇಬೀಡಿನ ಬಳಪದ ಕಲ್ಲು ಅಗೆದು ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆಲ್ಲ ಗಟ್ಟಿ. ಕಲ್ಲು ಮೆದುವಾಗಿರುವಷ್ಟು ದಿನ ಮಾತ್ರ ಕೇಳಿಸಿಕೊಳ್ಳುತ್ತದೆ, ಗಟ್ಟಿಯಾದ ಮೇಲೆ ಕೇಳಿದ್ದನ್ನು ಬಿಡುವುದಿಲ್ಲ ಎಂಬುದು ನಿಮ್ಮ ಲೋಕದ ನಿಯಮವಾಗಲಿ. ನಿಯಮಕ್ಕೆ ಗಡುವು ಇದೆ, ಬೆಲೆಯೂ ಇದೆ. ಇಲ್ಲವೇ ಗೊಮ್ಮಟಸಾರದ ಮೂರು ಬೆಂಕಿಗಳನ್ನು ಮೂರು ಬಗೆಯ ಶಕ್ತಿಯಾಗಿ ಬಳಸಿ, ಇಟ್ಟಿಗೆ ಗೂಡಿನ ಬೆಂಕಿ ಹೊತ್ತವಳು ನಿಮ್ಮ ಮೂರನೇ ಪಾತ್ರವಾಗಲಿ. ಎರಡರಲ್ಲಿ ಒಂದನ್ನು ಮಾತ್ರ. ಎರಡೂ ಸೇರಿದರೆ ಯಾವುದೂ ನಿಲ್ಲುವುದಿಲ್ಲ.

ಆ ಮೂರನೇ ಪಾತ್ರವನ್ನು ನೀವು ಶಾಪದಿಂದ ಹೆಣ್ಣಾಗಿಸಿದ್ದೀರಿ. ಇದು ಹಳೆಯ ಕಥೆಗಳಲ್ಲಿ ಪದೇ ಪದೇ ಬರುವ ತಂತ್ರ, ಅಪಾಯವೂ ಅಲ್ಲೇ ಇದೆ. ಶಾಪವಾದರೆ ಹೆಣ್ಣುತನ ಶಿಕ್ಷೆಯಾಗುತ್ತದೆ, ವೇಷವಾದರೆ ಮೋಸವಾಗುತ್ತದೆ. ಯೋಗವಾಸಿಷ್ಠದ ಚೂಡಾಲೆಯ ಕಥೆ ಗಮನಿಸಿ. ಗಂಡ ಶಿಖಿಧ್ವಜ ರಾಜ್ಯ ಬಿಟ್ಟು ಕಾಡಿಗೆ ಹೋದಾಗ ರಾಜ್ಯ ಆಳುವವಳು ಅವಳು. ಕುಂಭ ಎಂಬ ಯುವಕನ ರೂಪದಲ್ಲಿ ಹೋಗಿ ಅವನಿಗೆ ಗುರುವಾಗುತ್ತಾಳೆ. ಆಮೇಲೆ ದೂರ್ವಾಸರ ಶಾಪದ ನೆಪ ಹೇಳಿ ಹಗಲು ಕುಂಭನಾಗಿ, ರಾತ್ರಿ ಮದನಿಕೆ ಎಂಬ ಹೆಣ್ಣಾಗಿ ಅದೇ ಗಂಡನನ್ನು ಮದುವೆಯಾಗುತ್ತಾಳೆ. ಕೊನೆಗೆ ಚೂಡಾಲೆಯಾಗಿ ನಿಲ್ಲುತ್ತಾಳೆ. ಕುಂಭನ ರೂಪವನ್ನು ಬಿಡಲು ಅವಳಿಗೆ ಮನಸ್ಸಿತ್ತೇ ಎಂದು ಕಥೆ ಕೇಳುವುದಿಲ್ಲ. ಮರುಕಥನ ಕೇಳಬೇಕಾದದ್ದು ಅದನ್ನೇ. ನಿಮ್ಮ ಪಾತ್ರಕ್ಕೆ ರೂಪ ಬದಲಾಗುವುದಕ್ಕೆ ಮೊದಲೇ, ಕಡಿಮೆಯೆಂದರೆ ಎರಡು ದೃಶ್ಯಗಳಲ್ಲಿ, ತಾನು ಯಾರೆಂಬುದು ಗೊತ್ತಿರಲಿ. ಮಾಯೆ ಅವಳನ್ನು ಹೆಣ್ಣಾಗಿ ಮಾಡುವುದು ಬೇಡ, ಅವಳು ಹೆಣ್ಣೆಂಬುದನ್ನು ಕಾಣದವರ ಕಣ್ಣಿಗೆ ಏನಾದರೂ ಮಾಡಲಿ.

ಇನ್ನೊಂದು ಬಲೆ, ಪಾತ್ರವನ್ನು ತೊಳೆದು ಶುದ್ಧ ಮಾಡುವುದು. ಜನ್ನನ 'ಯಶೋಧರ ಚರಿತೆ'ಯನ್ನು (1209) ಎರಡನೇ ಭಾಗದಲ್ಲಿ ಬಳಸುವ ಆಲೋಚನೆ ಇದೆ ಎಂದಿದ್ದೀರಿ. ಜನ್ನ ಹೊಯ್ಸಳರ ಆಸ್ಥಾನದವನೇ. ಅವನ ಕಾವ್ಯದ ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳಿ ಸೋಲುತ್ತಾಳೆ. ನೋಡಿ ಬರಲು ಹೋದ ದೂತಿ ಅವನ ವಿಕಾರ ರೂಪ ಕಂಡು ಹೇಸಿಕೊಂಡರೆ, ಒಲಿದ ಮೇಲೆ ರೂಪದ ಗೊಡವೆ ಯಾಕೆ ಎನ್ನುತ್ತಾಳೆ. ತಡವಾಗಿ ಬಂದದ್ದಕ್ಕೆ ಅವನು ಹೊಡೆಯುತ್ತಾನೆ, ಸಹಿಸುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ನಿಮ್ಮ ಟಿಪ್ಪಣಿಯಲ್ಲಿ ಮಾವುತ ಕರುಣಾಳು, ವಿಷ ಬೇರೆ ಯಾರೋ ಇಟ್ಟದ್ದು. ಹಾಗೆ ಮಾಡಿದರೆ ಕನ್ನಡದ ಅತ್ಯಂತ ಗಟ್ಟಿ ಹೆಣ್ಣು ಪಾತ್ರಗಳಲ್ಲೊಂದು ಕರಗಿಹೋಗುತ್ತದೆ. ಹೊಡೆತ ಇರಲಿ, ವಿಷವೂ ಇರಲಿ. ಬದಲಾಗಬೇಕಾದದ್ದು ತೀರ್ಪು ಕೊಡುವ ದನಿ. ಎಲ್ಲವನ್ನೂ ಕಂಡ ಆ ದೂತಿಗೆ ಕಥೆ ಹೇಳಲು ಬಿಡಿ.

ಗಂಡು ಗಂಡಿನ ಸಂಬಂಧ ಬೇಕಾದರೆ ಹಳೇಬೀಡಿನ ಹೊಯ್ಸಳೇಶ್ವರದ ಬಳಿ ಇರುವ ಗರುಡಗಂಬ ನೋಡಿ. ಒಡೆಯ ಸತ್ತರೆ ಜೊತೆಗೇ ಸಾಯುವ ಭಾಷೆ ಕೊಟ್ಟವರು ಗರುಡರು. ಎರಡನೇ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಂದಿಗೆ ಪ್ರಾಣ ಕೊಟ್ಟ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರು ಕಂಬದ ಮೇಲಿದ್ದಾರೆ. ಸ್ವಾಮಿನಿಷ್ಠೆಯನ್ನೆಲ್ಲ ಪ್ರಣಯ ಎಂದು ಓದಿದರೆ ಎರಡೂ ಚಿಕ್ಕದಾಗುತ್ತವೆ, ಆದ್ದರಿಂದ ಕುವರ ಲಕ್ಷ್ಮನನ್ನೇ ಎಳೆಯಬೇಡಿ. ಕಲ್ಪಿತ ಗರುಡನೊಬ್ಬನಿಗೆ ಒಡೆಯನ ಮೇಲಲ್ಲ, ಇನ್ನೊಬ್ಬ ಗರುಡನ ಮೇಲೆ ಪ್ರೀತಿ ಇದ್ದರೆ ಆ ಭಾಷೆ ಏನಾಗುತ್ತದೆ? ಇಲ್ಲಿ ಸಾವು ತಾನೇ ಬಂದು ಕೂರುತ್ತದೆ. ಸಲಿಂಗ ಪ್ರೇಮಿಗಳನ್ನು ಕೊನೆಯಲ್ಲಿ ಕೊಂದುಬಿಡುವ ಚಾಳಿ ಸಾಹಿತ್ಯದಲ್ಲಿ ಎಷ್ಟು ಹಳೆಯದೆಂದರೆ ಓದುಗರು ಅದನ್ನು ಶಿಕ್ಷೆಯೆಂದೇ ಓದುತ್ತಾರೆ. ಒಬ್ಬನಾದರೂ ಬದುಕಲಿ, ಬದುಕಿದ್ದಕ್ಕೆ ಅವಮಾನ ಪಡದೆ ಬದುಕಲಿ.

ಸಣ್ಣಪುಟ್ಟ ತಪ್ಪುಗಳು: ಎರಡನೇ ಪುಟದಲ್ಲಿ ಹುಲಿ ಕಾಫಿ ಗಿಡಗಳ ನಡುವೆ ಅಡಗಿದೆ. ಬಾಬಾಬುಡನ್ ಐತಿಹ್ಯದ ಕಾಫಿ ಬಂದದ್ದೇ ಹದಿನೇಳನೇ ಶತಮಾನದಲ್ಲಿ. ಲಂಟಾನ ಅದಕ್ಕೂ ಈಚಿನದು. ಅಡುಗೆಯಲ್ಲಿ ಮೆಣಸಿನಕಾಯಿ, ಹಾಸನದ ಆಲೂಗಡ್ಡೆ ಎರಡೂ ಬೇಡ. ಕಾಳುಮೆಣಸು, ಏಲಕ್ಕಿ, ಅಡಿಕೆ, ವೀಳ್ಯದೆಲೆ ಧಾರಾಳವಾಗಿ ಇರಲಿ.

ಕೇಸಿನ ಭಯಕ್ಕೆ. ವಯಸ್ಕರ ನಡುವಿನ, ಒಪ್ಪಿಗೆಯ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ, ಅದರ ಬಗ್ಗೆ ಕಥೆ ಬರೆಯುವುದೂ ಅಪರಾಧವಲ್ಲ. ತೊಂದರೆ ಬರುವುದಾದರೆ ಹೆಚ್ಚಾಗಿ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಅಂದರೆ ಹಳೆಯ 295ಎ, ಕಡೆಯಿಂದ. ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಕ್ಕೆ ತಂದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ದುರುದ್ದೇಶ ಸಾಬೀತಾಗಬೇಕು, ನಿಜ. ಆದರೆ ದೂರು ದಾಖಲಾದರೆ ಅಲೆದಾಟ ನಿಮ್ಮದೇ. "ಎಲ್ಲ ಕಾಲ್ಪನಿಕ" ಎಂಬ ಒಂದು ಸಾಲು ರಕ್ಷಣೆಯಲ್ಲ. ಚೆನ್ನಕೇಶವ, ಗೊಮ್ಮಟ, ಇಂದಿಗೂ ಪೂಜೆ ನಡೆಯುವ ವಾಸಂತಿಕೆ, ಇವರನ್ನು ಪ್ರಣಯ ಪ್ರಸಂಗಗಳಿಂದ ದೂರ ಇಡಿ. ನಿಮ್ಮ ಮುನಿಯನ್ನು ಖಳನಾಗಿ ಮಾಡಿದ್ದೀರಿ, ಕಥೆಗೆ ಅದು ಬೇಕೇ ಬೇಕೆಂದು ಅನಿಸಲಿಲ್ಲ. ಪ್ರೇಮಿಗಳು ವಯಸ್ಕರೆಂಬುದು ಕಥೆಯೊಳಗೇ ಸ್ಪಷ್ಟವಿರಲಿ. ಪ್ರಕಟಣೆಗೆ ಮುಂಚೆ ಒಬ್ಬ ವಕೀಲರಿಗೆ, ಒಬ್ಬ ಶಾಸನ ಬಲ್ಲವರಿಗೆ, ಒಬ್ಬರಾದರೂ ಟ್ರಾನ್ಸ್ ಓದುಗರಿಗೆ ತೋರಿಸಿ. ಓದಿದ್ದಕ್ಕೆ ಸಂಭಾವನೆ ಕೊಡಿ, ಅವರ ಹೆಸರನ್ನು ಗುರಾಣಿ ಮಾಡಿಕೊಳ್ಳಬೇಡಿ.

ಕೊನೆಯ ಪ್ರಶ್ನೆ, ಏನೆಂದು ಕರೆಯಲಿ ಎಂಬುದು. ಹಳೆಯ ಗ್ರಂಥಗಳಲ್ಲಿ ಸಿಗುವ ಷಂಡ, ನಪುಂಸಕ ಮುಂತಾದವು ವರ್ಗೀಕರಣದ ಇಲ್ಲವೇ ತಿರಸ್ಕಾರದ ಪದಗಳು, ಕಥೆಯಲ್ಲಿ ವಿರೋಧಿಗಳ ಬಾಯಿಗೆ ಸಾಕು. ಜೋಗಪ್ಪ ಎಂಬುದು ಸವದತ್ತಿ ಎಲ್ಲಮ್ಮನ ಪರಂಪರೆಗೆ ಕಟ್ಟುಬಿದ್ದ ಬದುಕು, ಅದನ್ನು ಕಿತ್ತು ಮೂಡಿಗೆರೆಯಲ್ಲಿ ನೆಡಬೇಡಿ. ಟ್ರಾನ್ಸ್ ಮಹಿಳೆ ಎಂಬ ಇಂದಿನ ಪದ ಬೆನ್ನುಡಿಯಲ್ಲಿ ಇರಲಿ, ಕಥೆಯೊಳಗೆ ಅವಳ ಹೆಸರೇ ಸಾಕು. ಕನ್ನಡದಲ್ಲಿ 'ಬಂದನು', 'ಬಂದಳು' ಎನ್ನುವಾಗ ಲಿಂಗ ಹೇಳಲೇಬೇಕು, 'ಬಂದೆ' ಎನ್ನುವಾಗ ಬೇಕಿಲ್ಲ, 'ಬಂದರು' ಎಂದು ಗೌರವದಲ್ಲಿ ಹೇಳುವಾಗಲೂ ಬೇಕಿಲ್ಲ. ಈಗ ನಿಮ್ಮ ನಿರೂಪಕ ಬದಲಾವಣೆಯ ಮೊದಲು 'ಅವನು', ನಂತರ 'ಅವಳು' ಎನ್ನುತ್ತಾನೆ. ಅಂದರೆ ಊರವರು ಕಂಡಂತೆ ನಿರೂಪಕನೂ ಕಾಣುತ್ತಿದ್ದಾನೆ. ಆ ಅಧ್ಯಾಯವನ್ನು 'ನಾನು' ಎಂದು ಅವಳ ದನಿಯಲ್ಲೇ ಬರೆದು ನೋಡಿ. ಊರವರು 'ಅವನು' ಎನ್ನಲಿ, ಅಜ್ಜಿಯೊಬ್ಬಳು ಮಾತ್ರ ಮೊದಲಿನಿಂದಲೂ 'ಮಗಳೇ' ಎನ್ನಲಿ. ಮೂರನೇ ಭಾಗದಲ್ಲಿ ಊರವರಲ್ಲಿ ಯಾರು ಮೊದಲು ಬದಲಿಸಿ ಕರೆಯುತ್ತಾರೆ ಎಂಬುದನ್ನು ಈಗಲೇ ನಿರ್ಧರಿಸಿಟ್ಟುಕೊಳ್ಳಿ, ಆ ವ್ಯಕ್ತಿಯನ್ನು ಮೊದಲ ಭಾಗದಲ್ಲೇ ಒಮ್ಮೆ ತಂದಿಡಿ.